ಹಾರುವ ಕ್ಯಾಮೆರಾ ಇಳಿಯೋದು ಎಲ್ಲಿ?

1/10

ಆಕಾಶದಿಂದ ತೆಗೆದ ಫೋಟೊ ಕಂಡ ತಕ್ಷಣ ನಾವೆಲ್ಲ ಕೇಳೋದು ಒಂದೇ ಪ್ರಶ್ನೆ: "ಎಷ್ಟು ಎತ್ತರದಿಂದ ತೆಗೆದದ್ದು?"

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ಫೋಟೊ ತೆಗೆದಾದ ಮೇಲೆ ಆ ಕ್ಯಾಮೆರಾ ಎಲ್ಲಿ ಇಳಿಯಿತು? ಕಲ್ಲಿನ ಮೇಲಾ, ಹುಲ್ಲಿನ ಮೇಲಾ, ಯಾರದಾದರೂ ಕೈಗಾ? ಅಥವಾ ಇಳಿಯಲೇ ಇಲ್ವಾ?

ಹಾರುವ ಕ್ಯಾಮೆರಾದ ಇತಿಹಾಸ ಅಂದರೆ ಎತ್ತರದ ಇತಿಹಾಸ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಳೆಯ ದಾಖಲೆಗಳನ್ನು ತಿರುವಿದರೆ ಕಾಣುವ ಚಿತ್ರ ಬೇರೆ. ಮೇಲಕ್ಕೆ ಕಳಿಸುವ ದಾರಿಯನ್ನು ಮನುಷ್ಯ ಬೇಗ ಕಂಡುಕೊಂಡ. ಬಲೂನ್ ಇತ್ತು, ಗಾಳಿಪಟ ಇತ್ತು, ಹಕ್ಕಿ ಇತ್ತು. ತಲೆಕೆಡಿಸಿದ್ದು ಕೆಳಗಿನ ನೆಲ. ಎಲ್ಲಿಂದ ಬಿಡೋದು, ಎಲ್ಲಿ ಹಿಡಿಯೋದು, ನೆಲ ಸಮ ಇಲ್ಲದಿದ್ದರೆ ಏನು ಮಾಡೋದು ಎಂಬ ಪ್ರಶ್ನೆಗಳಿಗೆ ಒಬ್ಬೊಬ್ಬರು ಒಂದೊಂದು ಉತ್ತರ ಹುಡುಕಿದರು. ಕೆಲವು ಉತ್ತರಗಳು ಜಾಣತನದವು. ಕೆಲವಕ್ಕೆ ಕಾಲು ಮುರಿದುಕೊಂಡು ಬೆಲೆ ಕೊಡಬೇಕಾಯಿತು.

ಇವತ್ತು ನಿಮ್ಮ ಬ್ಯಾಗಿನಲ್ಲಿರುವ ಅಂಗೈಯಗಲದ ಡ್ರೋನ್ ಈ ಎಲ್ಲಾ ಉತ್ತರಗಳ ಮೊಮ್ಮಗು. ಬೆಟ್ಟದ ಬಂಡೆ ಮೇಲೋ, ಹೊಳೆಯ ಮರಳಿನ ಮೇಲೋ ಅದನ್ನು ಇಟ್ಟು ಬಟನ್ ಒತ್ತುವ ಮುಂಚೆ, ಅದರ ಅಜ್ಜ-ಮುತ್ತಜ್ಜಂದಿರು ಎಲ್ಲೆಲ್ಲಿ ಬಿದ್ದರು ಅಂತ ತಿಳಿದಿದ್ದರೆ ಒಳ್ಳೇದು.

ಹತ್ತು ಭಾಗ ಇದೆ. ಒಂದೊಂದೇ ಓದಿ, ಅವಸರ ಇಲ್ಲ.

2/10
ನಾದಾರ್: ಏರಿದ್ದು ಚರಿತ್ರೆ, ಇಳಿದದ್ದು ಅಪಘಾತ

1858. ಪ್ಯಾರಿಸ್ ಹತ್ತಿರದ ಒಂದು ಹಳ್ಳಿ. ನಾದಾರ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಫೋಟೊಗ್ರಾಫರ್ ಗಾಸ್ಪಾರ್-ಫೆಲಿಕ್ಸ್ ತೂರ್ನಶೋನ್, ಹಗ್ಗ ಕಟ್ಟಿದ ಬಲೂನಿನಲ್ಲಿ ಏರಿ ಜಗತ್ತಿನ ಮೊದಲ ವೈಮಾನಿಕ ಛಾಯಾಚಿತ್ರ ತೆಗೆದ. ಆ ಚಿತ್ರ ಈಗ ಉಳಿದಿಲ್ಲ. ಉಳಿದಿರುವುದರಲ್ಲಿ ಹಳೆಯದು ಎರಡು ವರ್ಷದ ನಂತರದ್ದು: 1860ರ ಅಕ್ಟೋಬರ್ 13ರಂದು ಜೇಮ್ಸ್ ವ್ಯಾಲೇಸ್ ಬ್ಲ್ಯಾಕ್ ಬಲೂನಿನಿಂದ ತೆಗೆದ ಅಮೆರಿಕದ ಬಾಸ್ಟನ್ ನಗರ.

ಹಗ್ಗ ಕಟ್ಟಿದ ಬಲೂನಿಗೆ ಇಳಿಯುವ ಚಿಂತೆ ಇಲ್ಲ. ಕೆಳಗಿದ್ದವರು ಎಳೆದರೆ ಬಂತು, ಏರಿದ ಜಾಗಕ್ಕೇ ಇಳಿಯಿತು. ನಾದಾರ್‌ಗೆ ಅಷ್ಟು ಸಾಲಲಿಲ್ಲ. 1863ರಲ್ಲಿ "ಲೆ ಜೆಯಾಂ", ಅಂದರೆ "ದೈತ್ಯ" ಎಂಬ ಭಾರಿ ಬಲೂನ್ ಕಟ್ಟಿಸಿದ. ಬೆತ್ತದಲ್ಲಿ ಹೆಣೆದ ಎರಡಂತಸ್ತಿನ ತೊಟ್ಟಿಲು. ಅದರೊಳಗೆ ಫೋಟೊ ಕೆಲಸಕ್ಕೆ ಡಾರ್ಕ್‌ರೂಂ ಕೂಡ!

ಅಕ್ಟೋಬರ್ 18ರಂದು ಪ್ಯಾರಿಸ್ಸಿನಲ್ಲಿ ಭಾರಿ ಜನಸಂದಣಿಯ ಮುಂದೆ ಅದರ ಎರಡನೆಯ ಹಾರಾಟ. ಏರುವುದೇನೋ ವೈಭವವಾಗಿ ಏರಿತು. ರಾತ್ರಿಯೆಲ್ಲಾ ಹಾರಿ ಮರುದಿನ ಬೆಳಗ್ಗೆ ಜರ್ಮನಿಯ ಹ್ಯಾನೋವರ್ ಸೀಮೆ ತಲುಪಿತು. ಇಳಿಸಲು ಹೋದಾಗ ನೆಲದಲ್ಲಿ ಜೋರು ಗಾಳಿ. ಲಂಗರು ನಿಲ್ಲಲಿಲ್ಲ. ಬಲೂನ್ ನೆಲಕ್ಕೆ ಬಡಿಯುತ್ತಾ, ಪುಟಿಯುತ್ತಾ, ಹೊಲ-ಮರಗಳ ನಡುವೆ ಮೈಲುಗಟ್ಟಲೆ ಎಳೆದುಕೊಂಡು ಹೋಯಿತು. ಒಂದು ಹಂತದಲ್ಲಿ ರೈಲಿಗೆ ಡಿಕ್ಕಿ ಆಗೋದು ಸ್ವಲ್ಪದರಲ್ಲಿ ತಪ್ಪಿತು. ನಾದಾರ್‌ನ ಕಾಲಿಗೆ ದೊಡ್ಡ ಪೆಟ್ಟಾಯಿತು, ಜೊತೆಗಿದ್ದ ಹೆಂಡತಿ ಅರ್ನೆಸ್ತೀನ್ ಕೂಡ ಗಾಯಗೊಂಡಳು.

ಗಮನಿಸಿ: ಅವನಿಗೆ ಏರುವ ಜಾಗ ಗೊತ್ತಿತ್ತು. ಇಳಿಯುವ ಜಾಗವನ್ನು ಗಾಳಿಗೆ ಬಿಟ್ಟಿದ್ದ.

3/10
ಗಾಳಿಪಟದ ಮೇಷ್ಟ್ರುಗಳು

ಮನುಷ್ಯ ಕೆಳಗೇ ನಿಂತು ಕ್ಯಾಮೆರಾ ಮಾತ್ರ ಮೇಲೆ ಹೋದರೆ? ಫ್ರಾನ್ಸ್‌ನ ದಕ್ಷಿಣದ ಲಾಬ್ರುಗಿಯೇರ್ ಎಂಬ ಊರಿನ ಆರ್ತ್ಯೂರ್ ಬಾತೂ 1888ರಲ್ಲಿ ಮಾಡಿದ್ದು ಅದನ್ನೇ. ಗಾಳಿಪಟಕ್ಕೆ ಕ್ಯಾಮೆರಾ ಬಿಗಿದ. ಶಟರ್‌ಗೆ ನಿಧಾನಕ್ಕೆ ಉರಿಯುವ ಬತ್ತಿ ಕಟ್ಟಿದ. ಬತ್ತಿ ಉರಿದು ತುದಿ ಮುಟ್ಟುವ ಹೊತ್ತಿಗೆ ಗಾಳಿಪಟ ಎತ್ತರಕ್ಕೆ ಹೋಗಿರುತ್ತೆ, ಶಟರ್ ಬಿಡುಗಡೆಯಾಗುತ್ತೆ. ಎತ್ತರ ಎಷ್ಟು ಅಂತ ಗುರುತು ಹಾಕಿಕೊಳ್ಳಲು ಒಂದು ಸಣ್ಣ ವಾಯುಭಾರ ಮಾಪಕವೂ ಜೊತೆಗಿತ್ತು. ಇವತ್ತಿನ ಡ್ರೋನ್ ಕೂಡ ಎತ್ತರ ಅಳೆಯೋದು ಬಹುಮಟ್ಟಿಗೆ ಗಾಳಿಯ ಒತ್ತಡದಿಂದಲೇ ಅಂದರೆ ಆಶ್ಚರ್ಯ ಅಲ್ವಾ? 1890ರಲ್ಲಿ ಬಾತೂ ಈ ಕಲೆಯ ಬಗ್ಗೆ ಪುಸ್ತಕವನ್ನೇ ಬರೆದ.

ಅಮೆರಿಕದ ಶಿಕಾಗೊದಲ್ಲಿ ಜಾರ್ಜ್ ಲಾರೆನ್ಸ್ ಎಂಬ ಫೋಟೊಗ್ರಾಫರ್ ಇದ್ದ. ಅವನೂ ಮೊದಲು ಬಲೂನ್ ಹತ್ತಿದವನೇ. ಒಮ್ಮೆ ತೊಟ್ಟಿಲು ಬಲೂನಿನಿಂದ ಕಳಚಿಕೊಂಡು ಸುಮಾರು 200 ಅಡಿ ಎತ್ತರದಿಂದ ಬಿದ್ದ. ದಾರಿಯಲ್ಲಿ ಸಿಕ್ಕ ಟೆಲಿಫೋನ್ ತಂತಿಗಳು ತಡೆದದ್ದರಿಂದ ಬದುಕಿದ. ಆಮೇಲೆ ಅವನು ಹಿಡಿದದ್ದು ಗಾಳಿಪಟದ ದಾರಿ. 1906ರ ಏಪ್ರಿಲ್ 18ರ ಭೂಕಂಪ ಮತ್ತು ಬೆಂಕಿಯಿಂದ ಸ್ಯಾನ್ ಫ್ರಾನ್ಸಿಸ್ಕೊ ಹಾಳಾದ ಕೆಲವೇ ವಾರಗಳಲ್ಲಿ, ಸಾಲುಗಟ್ಟಿದ ಗಾಳಿಪಟಗಳಿಂದ 20 ಕಿಲೋ ಮೀರಿದ ಕ್ಯಾಮೆರಾ ಎತ್ತಿ, ಸುಮಾರು 2000 ಅಡಿ ಎತ್ತರದಿಂದ ಇಡೀ ನಗರದ ಪನೋರಮಾ ತೆಗೆದ. ಆ ಚಿತ್ರ ಇವತ್ತಿಗೂ ಬೆರಗು.

ಗಾಳಿಪಟದಲ್ಲಿ ಒಂದು ದೊಡ್ಡ ಸುಖ: ದಾರ ನಿಮ್ಮ ಕೈಯಲ್ಲಿ. ಗಾಳಿ ನಿಂತರೆ ಮಾತ್ರ ಕಷ್ಟ. ಮಕರ ಸಂಕ್ರಾಂತಿಗೋ ಆಷಾಢದ ಗಾಳಿಗೋ ಪಟ ಬಿಟ್ಟವರಿಗೆಲ್ಲ ಇದು ಗೊತ್ತು. ಪಟ ಗೋತ ಹೊಡೆದರೆ ಮರಕ್ಕೋ ಮಾಳಿಗೆಗೋ ಸಿಕ್ಕಿಕೊಳ್ಳುತ್ತೆ. ಅದರ ಜೊತೆ ಕ್ಯಾಮೆರಾನೂ ಕಟ್ಟಿದ್ದರೆ ಎದೆ ಹೊಡೆದುಕೊಳ್ಳೋದು ಎಷ್ಟು ಅಂತ ನೀವೇ ಲೆಕ್ಕ ಹಾಕಿ.

4/10
ಇಳಿಯೋದು ಹೇಗೆ ಅಂತ ಹೇಳಿಕೊಡಬೇಕಿಲ್ಲದ ಕ್ಯಾಮೆರಾ

ಜರ್ಮನಿಯ ಕ್ರೋನ್‌ಬರ್ಗ್‌ನಲ್ಲಿ ಯೂಲಿಯಸ್ ನಾಯ್‌ಬ್ರೋನರ್ ಎಂಬ ಔಷಧ ಅಂಗಡಿಯವರು. ತುರ್ತು ಔಷಧಗಳನ್ನು ತರಿಸೋಕೆ ಪಾರಿವಾಳ ಬಳಸುತ್ತಿದ್ದರು. ಒಂದು ಪಾರಿವಾಳ ದಾರಿ ತಪ್ಪಿ ಕೆಲವು ವಾರದ ಮೇಲೆ ಚೆನ್ನಾಗಿ ತಿಂದುಂಡು ಮನೆಗೆ ಬಂತಂತೆ. ಇಷ್ಟು ದಿನ ಎಲ್ಲಿತ್ತಪ್ಪಾ ಇದು? ಆ ಕುತೂಹಲದಿಂದ ಹುಟ್ಟಿದ್ದು ಪಾರಿವಾಳದ ಎದೆಗೆ ಕಟ್ಟುವ ಪುಟ್ಟ ಕ್ಯಾಮೆರಾ.

1907ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಇದು ಆಗದ ಹೋಗದ ಮಾತು ಅಂತ ಕಚೇರಿ ಮೊದಲು ಒಪ್ಪಲಿಲ್ಲ. ಪಾರಿವಾಳ ತೆಗೆದ ಫೋಟೊಗಳನ್ನೇ ಮುಂದಿಟ್ಟ ಮೇಲೆ 1908ರಲ್ಲಿ ಒಪ್ಪಿತು. ಹಕ್ಕಿ ಹೊರಬಲ್ಲ ಭಾರ ಸುಮಾರು 75 ಗ್ರಾಂ. ಹಾಗಾಗಿ ಕ್ಯಾಮೆರಾ ಅದಕ್ಕಿಂತ ಹೆಚ್ಚು ತೂಗುವಂತಿರಲಿಲ್ಲ. ಇವತ್ತು 250 ಗ್ರಾಂ ಒಳಗಿನ ಡ್ರೋನ್ ಬೇಕು ಅಂತ ತೂಕ ನೋಡಿ ಕೊಳ್ತೀವಲ್ಲ, ಆ ಲೆಕ್ಕಾಚಾರ ಆಗಲೇ ಶುರುವಾಗಿತ್ತು.

ಇಳಿಯುವ ಸಮಸ್ಯೆಯನ್ನು ಇಷ್ಟು ಸಲೀಸಾಗಿ ಬಿಡಿಸಿದ ಯಂತ್ರ ಬೇರೆ ಇಲ್ಲ. ಪಾರಿವಾಳಕ್ಕೆ ಬಂಡೆಯಾದರೇನು, ಮಾಡಿನ ಅಂಚಾದರೇನು? ಕಣ್ಣಿದೆ, ಕಾಲಿದೆ, ರೆಕ್ಕೆ ಬಿಚ್ಚಿ ವೇಗ ಕಳೆಯುವ ಬುದ್ಧಿ ಇದೆ. ಎಲ್ಲಕ್ಕಿಂತ ಹೆಚ್ಚಾಗಿ, ಮನೆ ಎಲ್ಲಿ ಅಂತ ಗೊತ್ತಿದೆ. ನಾಯ್‌ಬ್ರೋನರ್ ಇನ್ನೂ ಒಂದು ಹೆಜ್ಜೆ ಹೋಗಿ ಗಾಲಿ ಮೇಲೆ ಸಾಗಿಸಬಹುದಾದ ಗೂಡು ಮಾಡಿಸಿ, ಜಾಗ ಬದಲಾದರೂ ಅದೇ ಗೂಡಿಗೆ ವಾಪಸ್ ಬರುವಂತೆ ಹಕ್ಕಿಗಳನ್ನು ಪಳಗಿಸಿದರು.

ಅದೇ ಕಾಲದಲ್ಲಿ ಜರ್ಮನಿಯದೇ ಆಲ್ಫ್ರೆಡ್ ಮೌಲ್ ರಾಕೆಟ್ಟಿನ ತುದಿಯಲ್ಲಿ ಕ್ಯಾಮೆರಾ ಇಟ್ಟು ಹಾರಿಸಿ, ಪ್ಯಾರಾಚೂಟ್‌ನಲ್ಲಿ ಇಳಿಸುತ್ತಿದ್ದ. ವಿಮಾನಗಳು ಬಂದ ಮೇಲೆ ಇವೆಲ್ಲ ಹಿಂದೆ ಸರಿದವು. ಪ್ಯಾರಾಚೂಟ್ ಉತ್ತರ ಮಾತ್ರ ಸಾಯಲಿಲ್ಲ. ಅದು ಮತ್ತೆ ಕಾಣಿಸಿಕೊಂಡದ್ದು ನಮ್ಮ ಬೆಂಗಳೂರಿನಲ್ಲಿ.

5/10
ಬೆಂಗಳೂರಿನ "ನಿಶಾಂತ್"

ಡಿಆರ್‌ಡಿಒದ ಎಡಿಇ ಪ್ರಯೋಗಾಲಯ ಇರೋದು ಬೆಂಗಳೂರಿನಲ್ಲಿ. ಅಲ್ಲಿ ರೂಪುಗೊಂಡ "ನಿಶಾಂತ್" 1995ರಲ್ಲಿ ಮೊದಲು ಹಾರಿತು. ಸೇನೆಗಾಗಿ ಶತ್ರು ನೆಲದ ಚಿತ್ರ ತೆಗೆಯುವ ಪೈಲಟ್ ಇಲ್ಲದ ವಿಮಾನ. ನಮ್ಮ ಬ್ಯಾಗಿನ ಡ್ರೋನ್ ಹಾಗೆ ಪುಟ್ಟದಲ್ಲ, ತೂಕ 350 ಕಿಲೋಗಿಂತ ಹೆಚ್ಚು. ಆದರೆ ಪ್ರಶ್ನೆ ಅದೇ.

ಗಡಿಯ ಗುಡ್ಡಗಾಡಿನಲ್ಲಿ, ಮರುಭೂಮಿಯಲ್ಲಿ ರನ್‌ವೇ ಎಲ್ಲಿಂದ ತರೋದು? ಅದಕ್ಕೆ ರನ್‌ವೇಯೇ ಬೇಡ ಅಂತ ತೀರ್ಮಾನಿಸಿದರು. ಲಾರಿ ಮೇಲೆ ಕೂರಿಸಿದ ಲಾಂಚರ್. ದ್ರವ ಮತ್ತು ಗಾಳಿಯ ಒತ್ತಡದಿಂದ ಕವಣೆ ಕಲ್ಲಿನಂತೆ ವಿಮಾನವನ್ನು ಮುಂದಕ್ಕೆ ಚಿಮ್ಮಿಸುತ್ತೆ. ಕೆಲಸ ಮುಗಿದ ಮೇಲೆ ಇಂಜಿನ್ ನಿಲ್ಲಿಸಿ ಪ್ಯಾರಾಚೂಟ್ ಬಿಚ್ಚುತ್ತೆ. ಹೊಟ್ಟೆಯ ಕೆಳಗೆ ಗಾಳಿಚೀಲ ಉಬ್ಬಿ ಪೆಟ್ಟು ತಡೆಯುತ್ತೆ. ವಿಮಾನಕ್ಕೆ ಚಕ್ರವೇ ಇಲ್ಲ.

ಕಾಗದದ ಮೇಲೆ ಇದು ಬಹಳ ಚೆಂದದ ಉತ್ತರ. ಆದರೆ ಪ್ಯಾರಾಚೂಟ್ ಬಿಚ್ಚಿದ ಮೇಲೆ ವಿಮಾನ ಗಾಳಿಯ ಪಾಲು. ಬೀಸಿದ ಕಡೆ ಹೋಗುತ್ತೆ, ಕೆಳಗೆ ಸಿಕ್ಕ ನೆಲಕ್ಕೆ ಕೂರುತ್ತೆ. ಸೇನೆಗೆ ಕೊಟ್ಟ ನಾಲ್ಕು ನಿಶಾಂತ್‌ಗಳೂ ಒಂದೊಂದಾಗಿ ಅಪಘಾತಕ್ಕೀಡಾದವು. 2015ರ ನವೆಂಬರ್‌ನಲ್ಲಿ ಜೈಸಲ್ಮೇರ್ ಬಳಿ ಕೊನೆಯದೂ ಹೋದಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ.

ಆ ಹೊತ್ತಿಗಾಗಲೇ ಎಡಿಇ ಇನ್ನೊಂದು ರೂಪ ಸಿದ್ಧ ಮಾಡಿತ್ತು. ಹೆಸರು "ಪಂಛಿ". ಮೊದಲ ಹಾರಾಟ 2014ರ ಡಿಸೆಂಬರ್. ಏನು ವ್ಯತ್ಯಾಸ ಗೊತ್ತಾ? ನಿಶಾಂತ್‌ಗೆ ಚಕ್ರ ಇರಲಿಲ್ಲ, ಪಂಛಿಗೆ ಇತ್ತು. ಸಣ್ಣ ಓಡುದಾರಿಯಲ್ಲಿ ಓಡಿ ಏರುತ್ತೆ, ಓಡುತ್ತಲೇ ಇಳಿಯುತ್ತೆ. ಅಂದರೆ ಇಳಿಯುವ ಜಾಗವನ್ನು ಗಾಳಿ ಆರಿಸೋದು ಬಿಟ್ಟು ಮನುಷ್ಯ ಮತ್ತೆ ತಾನೇ ಆರಿಸಿಕೊಂಡ.

6/10
ಸಾಗರ ದಾಟಿದ್ದು ತಾನೇ, ಇಳಿಸಿದ್ದು ಮನುಷ್ಯ

1998ರ ಆಗಸ್ಟ್. ಕೆನಡಾದ ನ್ಯೂಫೌಂಡ್‌ಲೆಂಡ್. ಓಡುತ್ತಿರುವ ಕಾರಿನ ಟಾಪ್ ಮೇಲೆ ಕ್ಯಾರಿಯರ್, ಅದರ ಮೇಲೆ ಮೂರು ಮೀಟರ್ ರೆಕ್ಕೆಯ ಒಂದು ಪುಟ್ಟ ವಿಮಾನ. ಹೆಸರು "ಲೈಮಾ". ಕಾರು ವೇಗ ಹಿಡಿದಂತೆ ವಿಮಾನ ಮೇಲೆದ್ದಿತು. ಚಕ್ರ ಇಲ್ಲದ ಯಂತ್ರಕ್ಕೆ ಕಾರಿನ ಚಕ್ರವನ್ನೇ ಕಡ ಕೊಟ್ಟರು!

ಸುಮಾರು 3,270 ಕಿಲೋಮೀಟರ್, 26 ಗಂಟೆ 45 ನಿಮಿಷ ಹಾರಿ, ಆಗಸ್ಟ್ 21ರಂದು ಅದು ಸ್ಕಾಟ್ಲೆಂಡ್‌ನ ಹೆಬ್ರಿಡೀಸ್ ದ್ವೀಪಗಳಲ್ಲಿ ಹುಲ್ಲಿನ ಮೇಲೆ ಹೊಟ್ಟೆ ಊರಿ ಇಳಿಯಿತು. ಪೈಲಟ್ ಇಲ್ಲದೆ ಅಟ್ಲಾಂಟಿಕ್ ಸಾಗರ ದಾಟಿದ ಮೊದಲ ವಿಮಾನ ಅದು. ಕುಡಿದ ಇಂಧನ ಆರು ಲೀಟರ್‌ಗಿಂತ ಕಡಿಮೆ. ಅದು ಹೊತ್ತದ್ದು ಹವಾಮಾನದ ಉಪಕರಣ, ಕ್ಯಾಮೆರಾ ಅಲ್ಲ. ಆದರೂ ಈ ಸರಣಿಯಲ್ಲಿ ಅದಕ್ಕೆ ಜಾಗ ಇದೆ, ಯಾಕೆಂದರೆ ಇಡೀ ಸಾಗರವನ್ನು ಯಂತ್ರ ತಾನಾಗಿಯೇ ದಾಟಿತು. ಮನುಷ್ಯನ ಕೈ ಬೇಕಾದದ್ದು ಎರಡೇ ಕಡೆ: ಏರುವಾಗ, ಇಳಿಯುವಾಗ.

ಇದರ ಹಿಂದಿದ್ದ ಇನ್‌ಸಿಟು ಸಂಸ್ಥೆ ಮುಂದೆ ಟ್ಯೂನಾ ಮೀನುಗಾರರ ಹಡಗಿಗೆ ಅಂತ ಕ್ಯಾಮೆರಾ ವಿಮಾನ ಮಾಡಲು ಹೊರಟಿತು. ಅಲೆಯ ಮೇಲೆ ತೂಗಾಡುವ ಪುಟ್ಟ ಡೆಕ್. ಅದಕ್ಕಿಂತ ಒರಟು ನೆಲ ಉಂಟಾ? ಅವರ ಉತ್ತರ: ನೆಲವೇ ಬೇಡ. ಒಂದು ಕಂಬ, ಅದರಿಂದ ಇಳಿಬಿಟ್ಟ ಹಗ್ಗ. ವಿಮಾನ ಹಾರುತ್ತಲೇ ಬಂದು ರೆಕ್ಕೆಯ ತುದಿಯ ಕೊಕ್ಕೆಯಿಂದ ಹಗ್ಗಕ್ಕೆ ನೇತುಬೀಳುತ್ತೆ. "ಸ್ಕೈಹುಕ್" ಅಂತ ಹೆಸರು. ಅದೇ ಮುಂದೆ "ಸ್ಕ್ಯಾನ್‌ಈಗಲ್" ಎಂಬ ಪ್ರಸಿದ್ಧ ಡ್ರೋನ್‌ನ ಇಳಿಯುವ ವಿಧಾನ ಆಯಿತು.

ಅಮೆರಿಕದ ಏರೋವೈರನ್‌ಮೆಂಟ್ ಸಂಸ್ಥೆಯವರದು ಇನ್ನೊಂದು ಉತ್ತರ. ಅವರ "ರೇವನ್" ಎರಡು ಕಿಲೋ ಆಸುಪಾಸಿನದು. ಸೈನಿಕ ಕೈಯಲ್ಲಿ ಹಿಡಿದು ಎಸೆದರೆ ಹಾರುತ್ತೆ. ಇಳಿಯುವಾಗ ಬೇಕೆಂದೇ ತೇಲುವ ಶಕ್ತಿ ಕಳೆದುಕೊಂಡು ದೊಪ್ಪನೆ ಬೀಳುತ್ತೆ, ಬಿದ್ದ ಏಟಿಗೆ ರೆಕ್ಕೆ-ಬಾಲ ಬೇರೆಬೇರೆ ಆಗುತ್ತೆ. ಹಾಳಾಯಿತು ಅಂದುಕೊಳ್ಳಬೇಡಿ. ಅದನ್ನು ಮಾಡಿರೋದೇ ಹಾಗೆ. ಭಾಗಗಳು ಕಳಚಿಕೊಂಡಾಗ ಏಟಿನ ಬಲವೂ ಚದುರಿಹೋಗುತ್ತೆ. ಆಮೇಲೆ ಮತ್ತೆ ಜೋಡಿಸಿ ಎಸೆಯಬಹುದು.

ಈ ಸಂಸ್ಥೆಯ ಹೆಸರು ನೆನಪಿಟ್ಟುಕೊಳ್ಳಿ. ಎಂಟನೇ ಭಾಗದಲ್ಲಿ ಮತ್ತೆ ಬರುತ್ತೆ.

7/10
ನಾಲ್ಕು ಫ್ಯಾನ್ ಬಂದವು, ನೆಲ ಮರೆತುಹೋಯಿತು

ನಾಯ್‌ಬ್ರೋನರ್ ಪಾರಿವಾಳದ ಪೇಟೆಂಟ್‌ಗೆ ಅರ್ಜಿ ಹಾಕಿದ 1907ರಲ್ಲೇ, ಫ್ರಾನ್ಸ್‌ನಲ್ಲಿ ಬ್ರೆಗೆ ಸೋದರರು ಶಾರ್ಲ್ ರಿಷೆ ಜೊತೆ ಸೇರಿ ನಾಲ್ಕು ರೋಟರಿನ ಯಂತ್ರವೊಂದನ್ನು ನೆಲದಿಂದ ಎತ್ತಿದರು. ಎಷ್ಟು ಎತ್ತರ? ಎರಡಡಿ ಅಷ್ಟೇ. ಅದೂ ನಾಲ್ಕು ಮೂಲೆಗೆ ನಾಲ್ಕು ಜನ ನಿಂತು ಅಲುಗಾಡದಂತೆ ಹಿಡಿದುಕೊಂಡಿದ್ದರು.

ಆ ನಾಲ್ಕು ಜನರ ಕೆಲಸವನ್ನು ಇವತ್ತು ಒಂದು ಚಿಪ್ ಮಾಡುತ್ತೆ. ಸೆಕೆಂಡಿಗೆ ನೂರಾರು ಸಲ ವಾಲಿಕೆ ಅಳೆದು, ಯಾವ ಫ್ಯಾನ್ ಎಷ್ಟು ಜೋರು ತಿರುಗಬೇಕು ಅಂತ ತೀರ್ಮಾನಿಸುತ್ತೆ. 2010ರಲ್ಲಿ ಪ್ಯಾರಟ್ ಕಂಪನಿಯ "ಎಆರ್ ಡ್ರೋನ್", 2013ರಲ್ಲಿ ಡಿಜೆಐನ "ಫ್ಯಾಂಟಮ್" ಬಂದ ಮೇಲೆ ಹಾರುವ ಕ್ಯಾಮೆರಾ ಅಂಗಡಿಯಲ್ಲಿ ಸಿಗುವ ಸಾಮಾನಾಯಿತು. ಲಾರಿ ಬೇಡ, ಕಂಬ ಬೇಡ, ಎಸೆಯೋದೂ ಬೇಡ. ಇಟ್ಟಲ್ಲಿಂದ ಏಳುತ್ತೆ, "ರಿಟರ್ನ್ ಟು ಹೋಂ" ಒತ್ತಿದರೆ ವಾಪಸ್ ಬರುತ್ತೆ.

ಬರೋದು ಹೇಗೆ? ಏರಿದ ಜಾಗವನ್ನು ಜಿಪಿಎಸ್‌ನಿಂದ ಗುರುತಿಟ್ಟುಕೊಂಡಿರುತ್ತೆ. ಜಿಪಿಎಸ್ ಲೆಕ್ಕ ಕೆಲವು ಮೀಟರ್ ಆಚೀಚೆ ಆಗೋದು ಸಹಜ. ಆಟದ ಮೈದಾನದಲ್ಲಿ ಮೂರು ಮೀಟರ್ ಏನೂ ಅಲ್ಲ. ಬೆಟ್ಟದ ತುದಿಯ ಬಂಡೆ ಮೇಲೆ ಮೂರು ಮೀಟರ್ ಅಂದರೆ ಪ್ರಪಾತ.

ಹಾಗಾಗಿ ತಯಾರಕರು ಡ್ರೋನ್ ಹೊಟ್ಟೆಗೆ ಕಣ್ಣು ಕೊಟ್ಟರು. ಕೆಳಗಿನ ಕ್ಯಾಮೆರಾ ಒಂದರ ಹಿಂದೊಂದು ಚಿತ್ರ ತೆಗೆದು ಹೋಲಿಸುತ್ತೆ. ಈ ಕಲ್ಲು ಹಿಂದಿನ ಚಿತ್ರದಲ್ಲಿ ಇಲ್ಲಿತ್ತು, ಈಗ ಅಲ್ಲಿದೆ, ಅಂದರೆ ನಾನು ಇಷ್ಟು ಸರಿದಿದ್ದೇನೆ ಅನ್ನುವ ಲೆಕ್ಕ. ಬಹಳ ಜಾಣ ಉಪಾಯ. ಆದರೆ ಗುರುತು ಹಿಡಿಯಲು ನೆಲದಲ್ಲಿ ಗುರುತು ಇರಬೇಕಲ್ಲ? ನೀರು, ಹಿಮ, ನುಣುಪು ಮರಳು, ಗಾಳಿಗೆ ತೂಗುವ ಹುಲ್ಲು, ಕತ್ತಲು... ಇಲ್ಲೆಲ್ಲ ಆ ಕಣ್ಣು ತಡವರಿಸುತ್ತೆ.

ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಭಾಗ ಓದಿ. ಭೂಮಿ ಬಿಟ್ಟು ಹೋಗ್ತಿದ್ದೀವಿ.

8/10
ಮಂಗಳದಲ್ಲಿ ಹತ್ತು ಮೀಟರ್ ಜಾಗ

2021ರ ಫೆಬ್ರುವರಿ 18ರಂದು ನಾಸಾದ ಪರ್ಸೆವರೆನ್ಸ್ ರೋವರ್ ಮಂಗಳದ ಜೆಝೆರೊ ಕುಳಿಯಲ್ಲಿ ಇಳಿಯಿತು. ಅದರ ಹೊಟ್ಟೆಯಡಿ ಮಡಚಿಕೊಂಡಿದ್ದದ್ದು 1.8 ಕಿಲೋ ತೂಕದ ಪುಟ್ಟ ಹೆಲಿಕಾಪ್ಟರ್, "ಇಂಜೆನ್ಯುಯಿಟಿ". ಮಂಗಳದ ಗಾಳಿಯ ಸಾಂದ್ರತೆ ನಮ್ಮದರ ಶೇಕಡಾ ಒಂದರಷ್ಟು. ಅಷ್ಟು ತೆಳು ಗಾಳಿಯಲ್ಲಿ ಏಳಬೇಕಾದರೆ 1.2 ಮೀಟರ್ ರೋಟರುಗಳು ನಿಮಿಷಕ್ಕೆ 2,400ರ ಆಸುಪಾಸು ಸುತ್ತು ತಿರುಗಬೇಕು.

ಇದರ ಮುಖ್ಯ ಇಂಜಿನಿಯರ್ ಬಾಬ್ ಬಲರಾಂ, ಮದ್ರಾಸ್ ಐಐಟಿಯಲ್ಲಿ ಓದಿದವರು. ರೋಟರು, ಚೌಕಟ್ಟು ತಯಾರಿಸುವುದರಲ್ಲಿ ಕೈ ಜೋಡಿಸಿದ್ದು ಅದೇ ಏರೋವೈರನ್‌ಮೆಂಟ್, ಮುರಿದು ಬೀಳುವ ರೇವನ್‌ನವರು. ಆದರೆ ಮಂಗಳದಲ್ಲಿ ಮುರಿದರೆ ಜೋಡಿಸಿಕೊಡೋಕೆ ಯಾರಿದ್ದಾರೆ?

ಅದಕ್ಕೇ ತಂಡ ಮೊದಲು ಹುಡುಕಿದ್ದು ನೆಲ. ಮಂಗಳದ ಕಕ್ಷೆಯಿಂದ ತೆಗೆದ ಚಿತ್ರ, ರೋವರ್ ತೆಗೆದ ಚಿತ್ರ ಎಲ್ಲಾ ಸೋಸಿ, ಸುಮಾರು 10 ಮೀಟರ್ ಉದ್ದ, 10 ಮೀಟರ್ ಅಗಲದ ಸಮನಾದ ಜಾಗ ಆರಿಸಿದರು. ದೊಡ್ಡ ಕಲ್ಲು ಇರಬಾರದು. ಆದರೆ ಕ್ಯಾಮೆರಾ ಗುರುತು ಹಿಡಿಯಲು ಸಣ್ಣ ಕಲ್ಲು ಇರಬೇಕು! ಆ ಜಾಗಕ್ಕೆ ಇಟ್ಟ ಹೆಸರು ರೈಟ್ ಸಹೋದರರದು. ಏಪ್ರಿಲ್ 19ರಂದು 39 ಸೆಕೆಂಡ್, 3 ಮೀಟರ್ ಎತ್ತರ. ಬೇರೆ ಗ್ರಹದಲ್ಲಿ ಇಂಜಿನ್ ಬಲದಿಂದ ನಿಯಂತ್ರಿತವಾಗಿ ನಡೆದ ಮೊದಲ ಹಾರಾಟ.

ಮೇ 22ರ ಆರನೇ ಹಾರಾಟದಲ್ಲಿ ಕ್ಯಾಮೆರಾದ ಒಂದೇ ಒಂದು ಚಿತ್ರ ಕಳೆದುಹೋಯಿತು. ಆಮೇಲೆ ಬಂದ ಚಿತ್ರಗಳ ಸಮಯವೆಲ್ಲ ತಪ್ಪಾಯಿತು. ಹೆಲಿಕಾಪ್ಟರ್ ಕುಡಿದವನ ಹಾಗೆ ಓಲಾಡಿತು. ಆದರೂ ಗೊತ್ತುಮಾಡಿದ ಜಾಗದಿಂದ ಐದು ಮೀಟರ್ ಒಳಗೆ ಕ್ಷೇಮವಾಗಿ ಇಳಿಯಿತು. ಹೇಗೆ? ಇಳಿಯುವ ಕೊನೆಯ ಕ್ಷಣಗಳಲ್ಲಿ ಕ್ಯಾಮೆರಾದ ಮಾತು ಕೇಳಬೇಡ ಅಂತ ಮೊದಲೇ ಬರೆದಿಟ್ಟಿದ್ದರು. ಕಣ್ಣು ಮೋಸ ಮಾಡಬಹುದು ಅನ್ನುವ ಎಚ್ಚರ ಆ ಪುಟ್ಟ ಯಂತ್ರವನ್ನು ಉಳಿಸಿತು.

9/10
ಎಪ್ಪತ್ತೆರಡನೆಯ ಇಳಿಕೆ

ಐದು ಹಾರಾಟ ಆದರೆ ಸಾಕು ಅಂತ ಕಳಿಸಿದ್ದು. ಇಂಜೆನ್ಯುಯಿಟಿ ಹಾರಿದ್ದು 72 ಸಲ. ಮೂರು ವರ್ಷದ ಹತ್ತಿರ, ಒಟ್ಟು ಎರಡು ಗಂಟೆಗೂ ಹೆಚ್ಚು ಹೊತ್ತು, 17 ಕಿಲೋಮೀಟರ್.

ಮೊದಲು ಬರೆದ ಸಾಫ್ಟ್‌ವೇರ್, ಕೆಳಗಿನ ನೆಲ ಸಮವಾಗಿದೆ ಎಂದು ನಂಬಿತ್ತು. ಅದು ಹಳ್ಳ-ದಿಣ್ಣೆಯ ಮೇಲೆ ಹಾರತೊಡಗಿದ ಮೇಲೆ ಆ ನಂಬಿಕೆ ಸಾಲದೆ ಬಂತು. 2022ರ ನವೆಂಬರ್‌ನಲ್ಲಿ ಭೂಮಿಯಿಂದಲೇ ಹೊಸ ಸಾಫ್ಟ್‌ವೇರ್ ಕಳಿಸಿದರು. ನೆಲದ ಏರಿಳಿತದ ನಕ್ಷೆ ಬಳಸುವುದು, ಇಳಿಯುವಾಗ ಕಲ್ಲು-ಗುಂಡು ಕಂಡರೆ ಪಕ್ಕದಲ್ಲಿ ಒಳ್ಳೆ ಜಾಗ ಹುಡುಕುವುದು, ಇದನ್ನೆಲ್ಲ ಕಲಿಸಿದರು.

ಕಲ್ಲನ್ನು ತಪ್ಪಿಸೋದು ಕಲಿಯಿತು. ಕಲ್ಲೇ ಇಲ್ಲದ ಜಾಗ ಅದರ ಅಂತ್ಯಕ್ಕೆ ಕಾರಣವಾಯಿತು.

2024ರ ಜನವರಿ ಹೊತ್ತಿಗೆ ಅದು ಬಂದು ಮುಟ್ಟಿದ್ದು ಮರಳಿನ ಅಲೆಗಳ ಪ್ರದೇಶ. ಎತ್ತ ನೋಡಿದರೂ ಒಂದೇ ಥರದ ಮರಳು. 71ನೇ ಹಾರಾಟ ಅವಧಿಗೆ ಮೊದಲೇ ನಿಂತಿತ್ತು. ಎಲ್ಲಿದ್ದೇವೆ ಅಂತ ಖಚಿತ ಮಾಡಿಕೊಳ್ಳಲು ಜನವರಿ 18ರಂದು ಒಂದು ಸಣ್ಣ ನೆಗೆತ: 12 ಮೀಟರ್ ಮೇಲೆ ಹೋಗು, ಫೋಟೊ ತೆಗೆ, ಅಲ್ಲೇ ಇಳಿ. ಇಳಿಯುವಾಗ ಸಂಪರ್ಕ ಕಡಿಯಿತು.

ಮರುದಿನ ಸಂಪರ್ಕ ಸಿಕ್ಕಿತು. ಕೆಲವು ದಿನದ ಮೇಲೆ ಬಂದ ಫೋಟೊದಲ್ಲಿ ಅದರದೇ ನೆರಳು ಮರಳ ಮೇಲೆ ಬಿದ್ದಿತ್ತು. ಆ ನೆರಳಿನಲ್ಲಿ ರೆಕ್ಕೆಯ ತುದಿ ಇರಲಿಲ್ಲ.

ತನಿಖೆ ಹೇಳಿದ್ದು ಇಷ್ಟು: ಮರಳಿನಲ್ಲಿ ಗುರುತು ಸಾಲದೆ ತಾನು ಪಕ್ಕಕ್ಕೆ ಎಷ್ಟು ವೇಗವಾಗಿ ಜಾರುತ್ತಿದ್ದೇನೆ ಅನ್ನೋದು ಅದಕ್ಕೆ ತಿಳಿಯಲಿಲ್ಲ. ಆ ವೇಗದಲ್ಲೇ ಇಳಿಜಾರು ಮರಳಿಗೆ ತಾಗಿ ಓರೆಯಾಯಿತು. ತಟ್ಟನೆ ವಾಲಿದ ಸೆಳೆತಕ್ಕೆ ನಾಲ್ಕೂ ರೆಕ್ಕೆಗಳು ತುದಿಯಿಂದ ಮೂರನೇ ಒಂದು ಭಾಗದಷ್ಟು ದೂರದಲ್ಲಿ ಮುರಿದವು. ಆಮೇಲಿನ ಅದುರಾಟಕ್ಕೆ ಒಂದು ರೆಕ್ಕೆ ಬುಡದಿಂದಲೇ ಕಿತ್ತುಹೋಯಿತು.

71 ಸಲ ಸರಿಯಾಗಿ ಇಳಿದದ್ದಕ್ಕೆ ಅದು ಚರಿತ್ರೆ ಸೇರಿತು. ಒಂದು ಇಳಿಕೆ ಅದರ ಹಾರಾಟವನ್ನು ಮುಗಿಸಿತು.

10/10
ಇದೆಲ್ಲ ನಮಗೆ ಯಾಕೆ?

ನಾದಾರ್‌ನಿಂದ ಮಂಗಳದವರೆಗೆ ಎಲ್ಲರಿಗೂ ಎದುರಾದ ಪ್ರಶ್ನೆ ನೀವು ಬೆಟ್ಟದ ಮೇಲೆ ಡ್ರೋನ್ ತೆಗೆದಾಗ ನಿಮಗೂ ಎದುರಾಗುತ್ತೆ. ಮೊದಲೆಲ್ಲ ಏರಿಸೋದೇ ದೊಡ್ಡ ಕೆಲಸ, ಹಾಗಾಗಿ ಇಳಿಸೋದರ ಬಗ್ಗೆಯೂ ಯೋಚನೆ ನಡೆಯುತ್ತಿತ್ತು. ಈಗ ಏರಿಸೋದು ಒಂದು ಬಟನ್. ಆದ್ದರಿಂದ ಆ ಯೋಚನೆಯನ್ನು ನಾವೇ ನೆನಪು ಮಾಡಿಕೊಂಡು ಮಾಡಬೇಕು. ಹಳಬರಿಂದ ಕಲಿಯಬಹುದಾದ ಕೆಲವು ಮಾತು:

ನಾದಾರ್‌ನಿಂದ: ಏರಿಸುವ ಮೊದಲೇ ಇಳಿಸುವ ಜಾಗ ಆರಿಸಿ. ಅದು ಆಗದಿದ್ದರೆ ಅಂತ ಎರಡನೆಯದನ್ನೂ ನೋಡಿಟ್ಟುಕೊಳ್ಳಿ. ನಿಮ್ಮ ತಲೆಯ ಮಟ್ಟದಲ್ಲಿ ಗಾಳಿ ಇಲ್ಲ ಅಂದ ಮಾತ್ರಕ್ಕೆ ಮೇಲೂ ಇಲ್ಲ ಅಂತಲ್ಲ. ಗಾಳಿಯ ಜೊತೆ ಹೋದದ್ದು ಗಾಳಿಗೆ ಎದುರಾಗಿ ಬರಬೇಕು. ಅಷ್ಟು ಬ್ಯಾಟರಿ ಉಳಿಸಿ.

ಬಾತೂನಿಂದ: ಪರದೆಯಲ್ಲಿ ಕಾಣುವ ಎತ್ತರ ಏರಿದ ಜಾಗದಿಂದ ಅಳೆದದ್ದು, ಕೆಳಗಿನ ನೆಲದಿಂದ ಅಲ್ಲ. ಕಣಿವೆಯಲ್ಲಿ ಏರಿಸಿ ಗುಡ್ಡದ ಕಡೆ ಹೋದರೆ 60 ಮೀಟರ್ ಅಂತ ತೋರಿಸುತ್ತಲೇ ಮರಕ್ಕೆ ಬಡಿಯಬಹುದು. ವಾಪಸ್ ಬರುವ ಎತ್ತರವನ್ನು ಸುತ್ತಲಿನ ಅತಿ ಎತ್ತರದ ಮರ, ಬಂಡೆ, ತಂತಿ ನೋಡಿ ಹೊಂದಿಸಿ.

ಪಾರಿವಾಳದಿಂದ: ಮನೆ ಎಲ್ಲಿ ಅಂತ ಅದಕ್ಕೆ ಗೊತ್ತಾಗಲಿ. ಜಿಪಿಎಸ್ ಸಿಕ್ಕು ಹೋಂ ಪಾಯಿಂಟ್ ದಾಖಲಾಗುವ ತನಕ ಕಾಯಿರಿ. ಕಬ್ಬಿಣದ ಅದಿರಿನ ಬಂಡೆ, ಕಂಬಿ ಇರುವ ಕಾಂಕ್ರೀಟ್, ಕಾರಿನ ಬಾನೆಟ್ ಇವು ಡ್ರೋನ್‌ನ ದಿಕ್ಸೂಚಿಯನ್ನು ದಾರಿ ತಪ್ಪಿಸುತ್ತವೆ.

ನಿಶಾಂತ್‌ನಿಂದ: ಒರಟು ನೆಲದಲ್ಲೂ ನಿಮ್ಮದೇ ಆದ ಒಂದು ಅಂಗಳ ಮಾಡಿಕೊಳ್ಳಿ. ಮಡಚುವ ಲ್ಯಾಂಡಿಂಗ್ ಪ್ಯಾಡ್, ಇಲ್ಲದಿದ್ದರೆ ದಪ್ಪ ರಟ್ಟು. ಅಂಚಿಗೆ ಕಲ್ಲಿಡಿ, ಫ್ಯಾನ್ ಗಾಳಿಗೆ ಅದೇ ಎದ್ದು ಬ್ಲೇಡಿಗೆ ಸಿಕ್ಕೀತು. ಪ್ಯಾಡ್ ಕೆಳಗೆ ಇಳಿಜಾರು ಇರಬಾರದು. ಒಂದು ಕಾಲು ಮೊದಲು ತಾಗಿದರೆ ಡ್ರೋನ್ ಆ ಕಡೆ ಮಗುಚಿಕೊಳ್ಳುತ್ತೆ. ದೂಳು, ಒಣಹುಲ್ಲು, ಸಣ್ಣ ಜಲ್ಲಿ ಮೋಟಾರಿನ ಶತ್ರು.

ಲೈಮಾದಿಂದ: ನಡುದಾರಿಯನ್ನು ಯಂತ್ರಕ್ಕೆ ಬಿಡಿ, ಏರುವ-ಇಳಿಯುವ ಹೊತ್ತಿನಲ್ಲಿ ಕಣ್ಣು ಡ್ರೋನ್ ಮೇಲಿರಲಿ, ಬೆರಳು ಸ್ಟಿಕ್ ಮೇಲಿರಲಿ. ನೇರ ಕೆಳಕ್ಕೆ ಜೋರಾಗಿ ಇಳಿಸಬೇಡಿ. ತಾನೇ ಕೆಳಗೆ ತಳ್ಳಿದ ಗಾಳಿಯ ಸುಳಿಗೆ ಸಿಕ್ಕಿ ಡ್ರೋನ್ ಓಲಾಡುತ್ತೆ. ನಿಧಾನ ಇಳಿಸಿ, ಕೊನೆಯ ಎರಡು ಮೀಟರ್ ಇನ್ನೂ ನಿಧಾನ.

ಇಂಜೆನ್ಯುಯಿಟಿಯಿಂದ: ನೀರಿನ ಮೇಲೆ, ಬೋಳು ಮರಳಿನ ಮೇಲೆ ಡ್ರೋನ್‌ನ ಕಣ್ಣನ್ನು ನಂಬಬೇಡಿ. ಮರಳಲ್ಲೇ ಇಳಿಸಬೇಕಾದರೆ ಬಣ್ಣದ ಚಿತ್ತಾರ ಇರುವ ಪ್ಯಾಡ್ ಹಾಕಿ, ಅದಕ್ಕೆ ನೋಡಲು ಏನಾದರೂ ಕೊಡಿ.

ಇನ್ನು ಕೈಯಲ್ಲಿ ಹಿಡಿಯೋದು. ಎಲ್ಲೂ ಸಮ ನೆಲ ಇಲ್ಲದಾಗ ಅನುಭವಿಗಳು ಹಾಗೆ ಮಾಡುತ್ತಾರೆ, ನಿಜ. ಆದರೆ ಬ್ಲೇಡ್ ಬೆರಳನ್ನು ಸೀಳಬಲ್ಲದು. ಬಯಲಲ್ಲಿ ಚೆನ್ನಾಗಿ ಅಭ್ಯಾಸ ಆಗಿರಬೇಕು. ತಯಾರಕರು ಅದಕ್ಕೆ ಒಪ್ಪಿರುವ ಮಾಡೆಲ್ ಆಗಿರಬೇಕು. ಕೈ ಮುಖಕ್ಕಿಂತ ದೂರ, ಹತ್ತಿರ ಮಕ್ಕಳಿಲ್ಲ, ಕಾಲ ಕೆಳಗೆ ಗಟ್ಟಿ ನೆಲ. ಪ್ರಪಾತದ ಅಂಚಿನಲ್ಲಿ ಡ್ರೋನ್ ಹಿಡಿಯಲು ಹಿಂದೆ ಹೆಜ್ಜೆ ಇಡಬೇಡಿ. ಡ್ರೋನ್ ಹೋದರೆ ಇನ್ನೊಂದು ಕೊಳ್ಳಬಹುದು.

ಹೊರಡುವ ಮೊದಲು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಹಸಿರೋ, ಹಳದಿಯೋ, ಕೆಂಪೋ ನೋಡಿಕೊಳ್ಳಿ. ಅಭಯಾರಣ್ಯ, ಸ್ಮಾರಕಗಳ ಬಳಿ ಅನುಮತಿ ಕೇಳದೆ ಹಾರಿಸಬೇಡಿ.

ಮುಂದಿನ ಸಲ ಆಕಾಶದಿಂದ ತೆಗೆದ ಚೆಂದದ ಫೋಟೊ ಕಂಡರೆ, ಕಾಮೆಂಟಿನಲ್ಲಿ ಎತ್ತರ ಕೇಳಬೇಡಿ. "ಎಲ್ಲಿ ಇಳಿಸಿದ್ರಿ?" ಅಂತ ಕೇಳಿ. ಒಳ್ಳೆಯ ಕಥೆ ಸಿಗೋದು ಅಲ್ಲೇ.

ಸೇವ್ ಮಾಡಿಟ್ಟುಕೊಳ್ಳಿ. ಹೊಸದಾಗಿ ಡ್ರೋನ್ ಕೊಂಡ ಗೆಳೆಯರಿದ್ದರೆ ಅವರಿಗೂ ಕಳಿಸಿ.

#ಹಾರುವಕ್ಯಾಮೆರಾ #ಡ್ರೋನ್ #ಇತಿಹಾಸ #ಕನ್ನಡದಲ್ಲಿಓದಿ